ತೋಟಾ ತುಂಬುವವರ ತಕ್ಕಡಿ

ಕೋವಿಯ ತೋಟಾವನ್ನು ಮನೆಯಲ್ಲೇ ತುಂಬಿಕೊಳ್ಳುವವರ ವಿಷಯ ನಮ್ಮ ಸಂಘದ ಪತ್ರಿಕೆಗೆ ಏಕೆ ಬಂತೆಂದು ಸದಸ್ಯ ಬಂಧುಗಳು ಕೇಳಬಹುದು. ಕಾರಣವಿದೆ. ಕಳೆದ ಬೇಸಗೆಯಲ್ಲಿ ಹಳೆಯ ಮನೆಯ ಹೆಂಚು ತೆಗೆದು ಹೊದಿಸುವಾಗ ಅಟ್ಟದ ಮೂಲೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬ ಸಿಕ್ಕಿತು. ಒಳಗೆ ಹನ್ನೊಂದು ತೋಟಾ. ಬಾಯಿಗೆ ಮೇಣ ಹಾಕಿ ಮುಚ್ಚಿದ್ದವು. ತೀರಿಕೊಂಡ ನಮ್ಮ ತಂದೆಯವರು ಕೈಯಾರೆ ತುಂಬಿಟ್ಟವು ಎಂಬುದು ನೋಡಿದೊಡನೆ ತಿಳಿಯಿತು. ಕೋವಿಯನ್ನು ಅವರು ಹೋದ ವರ್ಷವೇ ಠಾಣೆಗೆ ಒಪ್ಪಿಸಿದ್ದೆವು. ಈ ಡಬ್ಬದ ಸುದ್ದಿ ಯಾರಿಗೂ ಗೊತ್ತಿರಲಿಲ್ಲ. ಒಳಗಿರುವುದು ಯಾವ ಮದ್ದು, ಎಷ್ಟು, ಯಾವ ವರ್ಷ ತುಂಬಿದ್ದು, ಎಲ್ಲಿಯೂ ಒಂದಕ್ಷರವಿಲ್ಲ.

ನಾವು ಚಿಕ್ಕವರಿದ್ದಾಗ ಮಳೆಗಾಲದ ರಾತ್ರಿಗಳಲ್ಲಿ ಅವರು ಜಗಲಿಯ ಮೇಲೆ ಕುಳಿತು ಖಾಲಿ ತೋಟಾ ತುಂಬುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ. ಅಳತೆಗೆ ಒಂದು ಸಣ್ಣ ಚಮಚ, ಮಿಕ್ಕಿದ್ದಕ್ಕೆಲ್ಲ ಅಂದಾಜು. ಆ ಹೊತ್ತಿನಲ್ಲಿ ಮಾತನಾಡಿಸಿದರೆ ಗದರುತ್ತಿದ್ದರು. ಲೋಕದಲ್ಲಿ ಇಂಥವರು ಇವರೊಬ್ಬರೇ ಎಂದುಕೊಂಡಿದ್ದೆವು. ಆಮೇಲೆ ಓದಿ ತಿಳಿದದ್ದು, ಅಮೆರಿಕದಲ್ಲಿ ಇದೊಂದು ದೊಡ್ಡ ಹವ್ಯಾಸ. ಹವ್ಯಾಸಿಗಳ ನಡವಳಿಕೆಯೂ ವಿಚಿತ್ರ.

ತೋಟಾದಲ್ಲಿ ಇರುವುದು ನಾಲ್ಕೇ ಭಾಗ: ಕೊಳವೆ, ಕೇಪು, ಮದ್ದು, ಗುಂಡು ಅಥವಾ ಚರೆ. ಹೊಡೆದ ಮೇಲೆ ಉಳಿಯುವುದು ಕೊಳವೆ. ರೈಫಲಿನದಾದರೆ ಅದು ಹಿತ್ತಾಳೆಯದು, ಹಲವು ಬಾರಿ ತುಂಬಲು ಬರುತ್ತದೆ. ಆದ್ದರಿಂದ ಈ ಜನ ಗುರಿ ಹೊಡೆಯುವ ಬಯಲಿಗೆ ಹೋದರೆ ತಲೆ ಬಗ್ಗಿಸಿಕೊಂಡೇ ನಡೆಯುತ್ತಾರೆ. ಮಳೆ ಗಾಳಿಯ ಮರುದಿನ ತೋಟದಲ್ಲಿ ಉದುರಡಿಕೆ ಹೆಕ್ಕುವವರ ಹಾಗೆ, ಬೇರೆಯವರು ಬಿಟ್ಟುಹೋದ ಕೊಳವೆಗಳನ್ನು ಹೆಕ್ಕಿ ಜೇಬು ತುಂಬಿಸುತ್ತಾರೆ. ಮನೆಗೆ ತಂದು ತಯಾರಕರ ಮುದ್ರೆ ನೋಡಿ ಬೇರೆ ಬೇರೆ ಮಾಡುತ್ತಾರೆ. ತಿರುಗುವ ಡಬ್ಬದಲ್ಲಿ ಹಾಕಿ ಹೊಳಪು ಬರಿಸುತ್ತಾರೆ. ಹೊಳಪಿಗೆ ಬಳಸುವುದು ಅಕ್ರೋಟಿನ ಚಿಪ್ಪಿನ ಪುಡಿ, ಇಲ್ಲವೇ ಕಾಳು ಬಿಡಿಸಿದ ಮುಸುಕಿನ ಜೋಳದ ದಿಂಡಿನ ಪುಡಿ. ಕಾಫಿ ಸಿಪ್ಪೆಗೂ ಅಡಿಕೆ ಸಿಪ್ಪೆಗೂ ಉಪಯೋಗ ಹುಡುಕುತ್ತಿರುವ ನಮಗೆ ಇದನ್ನು ಓದಿ ಸ್ವಲ್ಪ ಅಸೂಯೆಯೇ ಆಯಿತು.

ಕೊಳವೆಯ ಬುಡದ ಕೇಪಿನದೂ ಒಂದು ತಮಾಷೆಯ ಕಥೆ. ಇಂಗ್ಲೆಂಡಿನ ಬಾಕ್ಸರ್ ಎಂಬ ಸೇನಾಧಿಕಾರಿ ಒಂದು ಬಗೆಯ ಕೇಪನ್ನು ಕಂಡುಹಿಡಿದರು. ಅಮೆರಿಕದ ಬರ್ಡಾನ್ ಇನ್ನೊಂದು ಬಗೆಯದನ್ನು. ಅಮೆರಿಕದವರು ಇಂಗ್ಲಿಷರವನ ಕೇಪನ್ನು ಹಿಡಿದುಕೊಂಡರು. ಯೂರೋಪಿನ ಬಹುಭಾಗ ಅಮೆರಿಕದವನದನ್ನು ಹಿಡಿಯಿತು. ಬಾಕ್ಸರನ ಕ್ರಮದಲ್ಲಿ ಕೊಳವೆಯ ಬುಡದ ನಡುವೆ ಒಂದೇ ತೂತು. ಒಂದು ಕಡ್ಡಿಯಿಂದ ನೂಕಿದರೆ ಹಳೆಯ ಕೇಪು ಹೊರಗೆ ಬೀಳುತ್ತದೆ. ಬರ್ಡಾನನ ಕ್ರಮದಲ್ಲಿ ಸಾಮಾನ್ಯವಾಗಿ ಎರಡು ಸಣ್ಣ ತೂತು, ಕಡ್ಡಿ ಹಾಕಲು ಬಾರದು. ಹೆಕ್ಕುವಾಗ ಅಂಥ ಕೊಳವೆ ಕೈಗೆ ಬಂದರೆ ಹವ್ಯಾಸಿಯ ಮುಖ ಹುಳ್ಳಗಾಗುತ್ತದೆ.

ಈ ಹವ್ಯಾಸಕ್ಕೆ ಬೇಸಾಯದ ನಂಟೂ ಇದೆ. 1943ರಲ್ಲಿ, ಯುದ್ಧಕಾಲದ ಅಭಾವದಲ್ಲಿ, ಕ್ಯಾಲಿಫೋರ್ನಿಯಾದ ಓರೋವಿಲ್ ಎಂಬ ಊರಿನ ಫ್ರೆಡ್ ಹಂಟಿಂಗ್‌ಟನ್ ತಂದೆಯ ಬಟ್ಟೆ ಒಗೆಯುವ ಅಂಗಡಿಯ ಹಿಂಭಾಗದಲ್ಲಿ ಗುಂಡು ಒತ್ತುವ ಅಚ್ಚು ಮಾಡಲು ತೊಡಗಿದರು. ಅವರ ಗುರಿ ಅಲ್ಲಿನ ಬಯಲುಗಳಲ್ಲಿ ಬಿಲ ತೋಡುವ ‘ರಾಕ್ ಚಕ್’ ಎಂಬ ಪ್ರಾಣಿ. ಅದರ ಹೆಸರನ್ನೇ ಅಚ್ಚಿಗೂ ಇಟ್ಟರು. ಮುಂದೆ ಅದು ಆರ್.ಸಿ.ಬಿ.ಎಸ್. ಎಂಬ ಹೆಸರಾಂತ ಸಂಸ್ಥೆಯಾಯಿತು. ನಮ್ಮಲ್ಲಿ ಕಾಡುಹಂದಿಯ ಕಾಟದಿಂದ ಯಾವ ಕಾರ್ಖಾನೆಯೂ ಹುಟ್ಟಿದ್ದನ್ನು ನಾವು ಕಾಣೆವು!

‘ಹಣ ಉಳಿತಾಯಕ್ಕಾಗಿ ತುಂಬುತ್ತೇವೆ’ ಎಂದು ಇವರೆಲ್ಲ ಹೆಂಡತಿಯ ಮುಂದೆ ಹೇಳುತ್ತಾರಂತೆ. ಒಂದು ತೋಟಾದ ಲೆಕ್ಕದಲ್ಲಿ ಅದು ನಿಜ. ಆದರೆ ಅಗ್ಗವಾಯಿತೆಂದು ಎರಡು ಪಟ್ಟು ಹೊಡೆಯುತ್ತಾರೆ. ಒತ್ತುಯಂತ, ಅಚ್ಚು, ತಕ್ಕಡಿಗಳ ಖರ್ಚು ಬೇರೆ. ಕೊನೆಗೆ ಉಳಿಯುವುದು ಖುಷಿ ಮಾತ್ರ. 2020-21ರಲ್ಲಿ ಅಲ್ಲಿ ಕೇಪಿನ ಅಭಾವ ಬಂದಾಗ ಹಿತ್ತಾಳೆ, ಮದ್ದು, ಗುಂಡು ಎಲ್ಲ ಇದ್ದರೂ ಅನೇಕರು ಸುಮ್ಮನೆ ಕೂರಬೇಕಾಯಿತು.

ಇಷ್ಟು ನಕ್ಕ ಮೇಲೆ ಒಂದು ಮಾತನ್ನು ಒಪ್ಪಲೇಬೇಕು. ಅವರ ಮೇಜಿನ ಶಿಸ್ತು ನಗುವ ವಿಷಯವಲ್ಲ. ಮದ್ದನ್ನು ಅವರು ಗ್ರೇನ್ ಲೆಕ್ಕದಲ್ಲಿ ತೂಗುತ್ತಾರೆ. ಒಂದು ಪೌಂಡಿಗೆ 7000 ಗ್ರೇನ್; ಅಂದರೆ ಒಂದು ಗ್ರೇನ್ ಎಂಬುದು ನಮ್ಮ ಅಕ್ಕಸಾಲಿಗನ ಗುಂಜಿಯ ಸುಮಾರು ಅರ್ಧ. ಅದರಲ್ಲೂ ಹತ್ತನೆಯ ಒಂದು ಪಾಲಿನ ವ್ಯತ್ಯಾಸ ನೋಡುತ್ತಾರೆ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಬಗೆಯ ಮದ್ದಿನ ಡಬ್ಬ ಇರಬೇಕು. ಮುದ್ರಿತ ಕೈಪಿಡಿಯಲ್ಲಿ ಇಲ್ಲದ ಅಳತೆ ಹಾಕಕೂಡದು. ಪ್ರತಿ ಪೆಟ್ಟಿಗೆಯ ಮೇಲೂ ಚೀಟಿ, ಪುಸ್ತಕದಲ್ಲಿ ದಾಖಲೆ. ಎಲ್ಲಕ್ಕಿಂತ ಮುಖ್ಯವಾದ ನಿಯಮ: ಇನ್ನೊಬ್ಬ ತುಂಬಿದ ತೋಟಾವನ್ನು, ಅವನು ಎಷ್ಟೇ ಆಪ್ತನಾಗಿರಲಿ, ತನ್ನ ಕೋವಿಗೆ ಹಾಕಕೂಡದು. ಹಳೆಯ ಕರಿಮದ್ದು ಮತ್ತು 1884ರಲ್ಲಿ ಫ್ರಾನ್ಸಿನ ವಿಯೆಲ್ ಎಂಬವರು ರೂಪಿಸಿದ ಹೊಗೆಯಿಲ್ಲದ ಮದ್ದು, ಇವೆರಡರ ಬಲ ಒಂದೇ ಅಲ್ಲ. ಒಂದರ ಅಳತೆಯಲ್ಲಿ ಇನ್ನೊಂದನ್ನು ತುಂಬಿದರೆ ನಳಿಗೆ ಸಿಡಿಯುತ್ತದೆ; ಆಗ ಹೋಗುವುದು ಹೊಡೆದವನ ಕೈ, ಕಣ್ಣು.

ಸಂಘದ ಜಗಲಿಯಲ್ಲಿ ಈ ಮಾತು ಬಂದಾಗ ಒಬ್ಬಿಬ್ಬರು ಹೇಳಿದರು: ‘ತೋಟಾದ ಬೆಲೆ ಏರಿದೆ, ಹಂದಿಯ ಕಾಟ ಹೆಚ್ಚಿದೆ, ಹಿರಿಯರ ಹಾಗೆ ನಾವೂ ತುಂಬಿಕೊಂಡರೆ ತಪ್ಪೇನು?’ ಅವರ ಸಂಕಟ ನಮ್ಮದೂ ಹೌದು. ಆದರೂ ನಾವು ಒಪ್ಪಲಾರೆವು. 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೆಯ ಕಲಮಿನ ಪ್ರಕಾರ ಮದ್ದುಗುಂಡು ತಯಾರಿಕೆಗೆ ಬೇರೆಯೇ ಪರವಾನಗಿ ಬೇಕು. ಬೆಳೆ ರಕ್ಷಣೆಯ ಕೋವಿಯ ಪರವಾನಗಿ ಅದಕ್ಕೆ ಸಾಲದು. ಅದಕ್ಕಿಂತ ಹೆಚ್ಚಾಗಿ, ನಮ್ಮ ಹಿರಿಯರಿಂದ ನಮಗೆ ಬಂದದ್ದು ಚಮಚ ಮಾತ್ರ. ತಕ್ಕಡಿಯಲ್ಲ, ಕೈಪಿಡಿಯಲ್ಲ, ಚೀಟಿಯಲ್ಲ. ನಮ್ಮ ತಂದೆಯವರ ಕೋವಿಯ ಎಡ ನಳಿಗೆ ನಡುವೆ ತುಸು ಉಬ್ಬಿತ್ತು. ಏಕೆಂದು ಕೇಳಿದರೆ ಅವರು ಮಾತು ತಿರುಗಿಸುತ್ತಿದ್ದರು. ಈಗ ಕಾರಣ ಊಹಿಸಬಲ್ಲೆವು. ಅವರ ಅದೃಷ್ಟಕ್ಕೂ ನಮ್ಮ ಅದೃಷ್ಟಕ್ಕೂ ಕೈಮುಗಿಯುತ್ತೇವೆ.

ಆ ತಕ್ಕಡಿಯ ಬುದ್ಧಿಯನ್ನು ನಾವು ಬಳಸಬೇಕಾದ ಜಾಗ ಬೇರೆ ಇದೆ: ಬೋರ್ಡೋ ದ್ರಾವಣದ ಪೀಪಾಯಿ. ಮೈಸೂರು ಸಂಸ್ಥಾನದಲ್ಲಿದ್ದ ಡಾ. ಲೆಸ್ಲಿ ಕೋಲ್‌ಮನ್ ಅಡಿಕೆಯ ಕೊಳೆರೋಗಕ್ಕೆ ಇದನ್ನು ಸೂಚಿಸಿ ನೂರು ವರ್ಷ ಮೀರಿತು. ಶೇಕಡಾ ಒಂದರ ದ್ರಾವಣಕ್ಕೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರು ಎಂಬುದು ಎಲ್ಲರಿಗೂ ಬಾಯಿಪಾಠ. ಆದರೆ ತೂಗುವವರು ಎಷ್ಟು ಮಂದಿ? ಹೊಳೆಯುವ ಕಬ್ಬಿಣದ ಚೂರಿಯನ್ನು ಅದ್ದಿ, ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ತಿಳಿದು ಮತ್ತಷ್ಟು ಸುಣ್ಣದ ತಿಳಿ ಬೆರೆಸುವವರು ಎಷ್ಟು ಮಂದಿ? ಯಾವ ದಿನ ಯಾವ ತೋಟಕ್ಕೆ ಹೊಡೆಸಿದೆವೆಂದು ಬರೆದಿಡುವವರು ಎಷ್ಟು ಮಂದಿ? ಕೊಳೆ ಬಂದ ಮೇಲೆ ಮೈಲುತುತ್ತವನ್ನೂ ಕೊನೆಗೌಡನನ್ನೂ ಬೈಯುವುದು ಸುಲಭ.

ಕೊನೆಯದಾಗಿ ಒಂದು ವಿನಂತಿ. ಮಳೆಗೆ ಮುಂಚೆ ಸದಸ್ಯರೆಲ್ಲ ತಮ್ಮ ತಮ್ಮ ಅಟ್ಟ, ಪೆಟ್ಟಿಗೆ, ಗೋಡೆಗೂಡುಗಳನ್ನು ಒಮ್ಮೆ ನೋಡಿ. ಹಳೆಯ ತೋಟಾ ಅಥವಾ ಮದ್ದು ಸಿಕ್ಕರೆ ಬಿಚ್ಚಬೇಡಿ, ಒಲೆಗೆ ಹಾಕಬೇಡಿ, ಕೆರೆಗೆ ಎಸೆಯಬೇಡಿ, ‘ಹೋಗುತ್ತದೋ ನೋಡೋಣ’ ಎಂದು ಹೊಡೆಯಲೂ ಬೇಡಿ. ಮಕ್ಕಳನ್ನು ದೂರವಿಟ್ಟು ಠಾಣೆಗೆ ತಿಳಿಸಿ. ತೀರಿಕೊಂಡ ಹಿರಿಯರ ಹೆಸರಿನಲ್ಲಿಯೇ ಕೋವಿ ಇನ್ನೂ ಮನೆಯಲ್ಲಿದ್ದರೆ, ಅದೇ ಕಾಯಿದೆಯ 21ನೆಯ ಕಲಮಿನಂತೆ ತಡಮಾಡದೆ ಠಾಣೆಯಲ್ಲಾಗಲಿ ಪರವಾನಗಿ ಉಳ್ಳ ವ್ಯಾಪಾರಿಯಲ್ಲಾಗಲಿ ಠೇವಣಿ ಇಟ್ಟು, ಆಮೇಲೆ ನಿಮ್ಮ ಹೆಸರಿಗೆ ಅರ್ಜಿ ಹಾಕಿ. ಅರ್ಜಿ ಬರೆಯಲು ಸಂಘದ ಕಚೇರಿಯಲ್ಲಿ ನೆರವು ನೀಡುತ್ತೇವೆ.

ಆ ಹನ್ನೊಂದು ತೋಟಾಗಳನ್ನು ಒಪ್ಪಿಸಿ ಬಂದೆವು. ಖಾಲಿ ಡಬ್ಬ ಮನೆಯಲ್ಲಿದೆ. ಅದರಲ್ಲಿ ಈಗ ಬೋರ್ಡೋ ಲೆಕ್ಕದ ಪುಸ್ತಕವನ್ನೂ ಒಂದು ಪೆನ್ಸಿಲನ್ನೂ ಇಟ್ಟಿದ್ದೇವೆ.

– ಕಾರ್ಯದರ್ಶಿ