ಪಿನ್ನು ಕೂಡಿತು, ಕರೆಂಟು ಕೂಡಲಿಲ್ಲ

ಮಕ್ಕಳೇ, ಈ ವಾರ ನನ್ನದೇ ಒಂದು ತಪ್ಪಿನ ಲೆಕ್ಕ ಒಪ್ಪಿಸುತ್ತೇನೆ. ಬ್ಯಾಂಕಿನಲ್ಲಿ ಇದ್ದಷ್ಟು ವರ್ಷ ಬೇರೆಯವರ ಚೆಕ್ಕಿನ ತಪ್ಪು ಹುಡುಕಿದವನು ನಾನು. ಮನೆಯಲ್ಲಿ ಒಂದು ಸಣ್ಣ ಚೀಟಿ ಓದದೆ ಎಡವಿದೆ.

ಹೋದ ದೀಪಾವಳಿಗೆ ನ್ಯೂಜೆರ್ಸಿಯಿಂದ ಮಗಳು ರೋಣಕ್ಕೆ ಬಂದಿದ್ದಳು. ಅವ್ವನ ಮೊಣಕಾಲು ನೋವಿಗೆಂದು ಕರೆಂಟಿನಿಂದ ಕಾಯುವ ಮೆತ್ತನೆಯ ಪಟ್ಟಿ ತಂದಿದ್ದಳು. ಅದರ ಪಿನ್ನಿಗೆ ಎರಡು ಚಪ್ಪಟೆ ಕಡ್ಡಿ. ನಮ್ಮ ಸಾಕೆಟ್ಟಿನಲ್ಲಿ ದುಂಡು ತೂತು. “ಇದಕ್ಕ ಟ್ರಾನ್ಸ್‌ಫಾರ್ಮರ್ ಬೇಕಪ್ಪಾ, ಅಲ್ಲೀತನಕ ಹಚ್ಚಬ್ಯಾಡ್ರಿ” ಎಂದಿದ್ದಳು. ನಾನು ಗಜೇಂದ್ರಗಡದ ಪೇಟೆಯಲ್ಲಿ ಒಂದು ಅಡಾಪ್ಟರ್ ಕೊಂಡೆ. ಅದರಲ್ಲೇ ಮಗಳ ಫೋನು, ಲ್ಯಾಪ್‌ಟಾಪು ಹದಿನೈದು ದಿನ ಚಾರ್ಜ್ ಆದವು. ಅವಳು ಹೇಳಿದ್ದು ಇದನ್ನೇ ಎಂದುಕೊಂಡೆ.

ಅವಳು ಮರಳಿದ ಮೇಲೆ ಒಂದು ಸಂಜೆ ಪಟ್ಟಿಯನ್ನು ನಮ್ಮವಳ ಮೊಣಕಾಲಿಗೆ ಸುತ್ತಿ, ಗುಂಡಿ ಒತ್ತಿದೆ. ಐದು ನಿಮಿಷ ಆಗಿರಲಿಲ್ಲ. “ಏನ್ರೀ, ಸುಟ್ಟ ವಾಸನಿ ಬರಾಕತ್ತೈತಿ!” ಓಡಿಹೋಗಿ ಸ್ವಿಚ್ ಆರಿಸಿದೆ. ಸೀರೆಯ ಮೇಲೆ ಕಂದು ಕಲೆ, ಮೊಣಕಾಲ ಮೇಲೆ ರೂಪಾಯಿ ನಾಣ್ಯದಷ್ಟು ಬೊಬ್ಬೆ. ಅವಳಿಗೆ ನಿದ್ದೆ ಹತ್ತಿದ್ದರೆ? ಇಂದಿಗೂ ನೆನೆದರೆ ಎದೆ ಡವಡವ ಅನ್ನುತ್ತದೆ.

ಹತ್ತನೇ ತರಗತಿಯ ಮೊಮ್ಮಗ ಪಟ್ಟಿ ತಿರುಗಿಸಿ ನೋಡಿದ. “ಅಜ್ಜಾ, ಇಲ್ಲಿ ಬರದಿದ್ದು ಓದೀಯೇನು? 120 ವೋಲ್ಟ್!” ಗಜೇಂದ್ರಗಡದ ಗುಡ್ಡದ ಗಾಳಿಯಂತ್ರಗಳಿಂದ ಬರಲಿ, ಎಲ್ಲಿಂದಲೇ ಬರಲಿ, ನಮ್ಮ ಮನೆಗಳಿಗೆ ಬರುವ ಕರೆಂಟು 230 ವೋಲ್ಟ್. ವೋಲ್ಟೇಜ್ ಎರಡು ಪಟ್ಟಾದರೆ ಕಾವು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ನಾನು ಕಾಗದದ ಮೇಲೆ ಎರಡು ಸಲ ಲೆಕ್ಕ ಹಾಕಿದೆ: ಅಲ್ಲಿ 50 ವಾಟ್ ಎಳೆಯುವ ಪಟ್ಟಿ ಇಲ್ಲಿ 180 ವಾಟ್ ದಾಟುತ್ತದೆ!

ಹಾಗಾದರೆ ಫೋನಿನ ಚಾರ್ಜರ್ ಯಾಕೆ ಸುಡಲಿಲ್ಲ? ಅದರ ಮೇಲೆ ‘100ರಿಂದ 240 ವೋಲ್ಟ್, 50/60 ಹರ್ಟ್ಸ್’ ಎಂದು ಬರೆದಿರುತ್ತದೆ. ಅದು ಯಾವ ಊರಿನ ಕರೆಂಟನ್ನೂ ತನಗೆ ತಕ್ಕಂತೆ ಇಳಿಸಿಕೊಳ್ಳುತ್ತದೆ. ಪಟ್ಟಿಗೆ ಆ ಜಾಣತನ ಇಲ್ಲ.

ಅಡಾಪ್ಟರ್ ಬದಲಿಸುವುದು ಪಿನ್ನಿನ ಆಕಾರವನ್ನು ಮಾತ್ರ. ಡಾಲರ್ ನೋಟನ್ನು ನಮ್ಮೂರ ಲಕೋಟೆಯಲ್ಲಿ ಇಟ್ಟರೆ ಅದು ರೂಪಾಯಿ ಆಗುತ್ತದೆಯೇ? ಡಾಲರನ್ನು ರೂಪಾಯಿ ಮಾಡುವ ಕೌಂಟರ್ ಎಂದರೆ ಟ್ರಾನ್ಸ್‌ಫಾರ್ಮರ್. ಅದೂ ಉಪಕರಣದ ವಾಟ್‌ಗಿಂತ ದೊಡ್ಡದಿರಬೇಕು.

ಈ ಬೇಸಿಗೆಯಲ್ಲಿ ನಾವು ಮಗಳ ಮನೆಗೆ ಹೊರಟಾಗ ನಮ್ಮವಳು ಮಿಕ್ಸರ್ ಕಟ್ಟಿದಳು. ಈ ಸಲ ನಾನೇ ಚೀಟಿ ಓದಿದೆ: 230 ವೋಲ್ಟ್, 50 ಹರ್ಟ್ಸ್, 750 ವಾಟ್. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಸ್. ಅಲ್ಲಿ ಅದು ಮುಲುಗುತ್ತ ತಿರುಗೀತೇ ಹೊರತು ಶೇಂಗಾ ಅರೆಯಲಾರದು. ಅಷ್ಟು ವಾಟ್ ತಡೆಯುವ ಟ್ರಾನ್ಸ್‌ಫಾರ್ಮರ್ ಹೊರುವುದಕ್ಕಿಂತ ಶೇಂಗಾ ಹಿಂಡಿಯನ್ನು ಇಲ್ಲೇ ಕುಟ್ಟಿ ಒಯ್ಯುವುದು ಹಗುರ ಎಂದು ತೀರ್ಮಾನವಾಯಿತು.

ದುಬೈಗೆ ಹೊರಟ ನರಗುಂದದ ಬೀಗರೂ ಇದನ್ನೇ ಕೇಳಿದರು. “ಒಯ್ಯರಿ, ಅಲ್ಲೂ 230 ವೋಲ್ಟೇ. ಪಿನ್ನಿಗೆ ಮೂರು ದಪ್ಪ ಚಪ್ಪಟೆ ಕಡ್ಡಿ, ಅಡಾಪ್ಟರ್ ಇದ್ದರ ಸಾಕು” ಎಂದೆ. ಇಂಗ್ಲೆಂಡ್, ಸಿಂಗಪುರದಲ್ಲೂ ಹಾಗೆಯೇ. ಜಪಾನಿನಲ್ಲಿ ಮಾತ್ರ 100 ವೋಲ್ಟ್. ಅದರಲ್ಲೂ ಟೋಕಿಯೊ ಕಡೆ 50 ಹರ್ಟ್ಸ್, ಒಸಾಕಾ ಕಡೆ 60! ನೂರು ವರ್ಷಕ್ಕೂ ಹಿಂದೆ ಟೋಕಿಯೊದವರು ಜರ್ಮನಿಯಿಂದ, ಒಸಾಕಾದವರು ಅಮೆರಿಕದಿಂದ ಜನರೇಟರ್ ತರಿಸಿದ್ದರ ಫಲ ಅದು.

ಇನ್ನೊಂದು ಮಾತು. ಮೂರು ಪಿನ್ನಿನ ಇಸ್ತ್ರಿ ಪೆಟ್ಟಿಗೆಯನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಬೇಡಿ. ಆ ಮೂರನೆಯ ಉದ್ದ ಪಿನ್ನು ಭೂಮಿಗೆ ಹೋಗುವ ದಾರಿ. ಶಾಕ್‌ನಿಂದ ಕಾಯುವುದು ಅದೇ.

ಮಕ್ಕಳೇ, ಈ ಭಾನುವಾರ ಒಂದು ಕೆಲಸ ಮಾಡಿ. ಆ ಚೀಟಿಯ ಅಕ್ಷರ ಬಲು ಸಣ್ಣವು, ನಮ್ಮ ಕನ್ನಡಕಕ್ಕೆ ನಿಲುಕುವುದಿಲ್ಲ. ಮನೆಯ ಚಾರ್ಜರ್, ಮಿಕ್ಸರ್, ಇಸ್ತ್ರಿ ಪೆಟ್ಟಿಗೆಗಳ ಹಿಂದೆ ಬರೆದಿದ್ದನ್ನು ಅಜ್ಜ-ಅಜ್ಜಿಗೆ ಓದಿ ಹೇಳಿ.

ಆ ಪಟ್ಟಿಯನ್ನು ಎಸೆಯಲು ನಮ್ಮವಳು ಒಪ್ಪಲಿಲ್ಲ. “ಮಗಳು ಕೊಟ್ಟಿದ್ದು” ಎಂದು, ವೈರು ಕತ್ತರಿಸಿ ಟ್ರಂಕಿನಲ್ಲಿ ಇಟ್ಟಿದ್ದಾಳೆ. ಮೊಣಕಾಲಿಗೆ ಈಗ ಬಿಸಿ ಉಪ್ಪಿನ ಗಂಟಿನ ಶಾಖ. ಅದಕ್ಕೆ ಪಿನ್ನೂ ಬೇಡ, ವೋಲ್ಟೇಜೂ ಬೇಡ.