ಹೆಸರಿನ ಕಥೆ: ಜಾರ್ಜ್ ಎಂದರೆ ಯಾರು?

ಸೋದರಿಯರೇ, ನಾಮಕರಣ ಬಂತೆಂದರೆ ನಾವೆಲ್ಲ ದೊಡ್ಡ ಹೆಸರನ್ನೇ ಹುಡುಕ್ತೀವಿ, ಅಲ್ಲವೇ? 1930ರ ಜೂನ್ 3ರಂದು ಮಂಗಳೂರಿನ ಆಲಿಸ್ ಫರ್ನಾಂಡಿಸ್ ಎಂಬ ತಾಯಿಗೆ ಚೊಚ್ಚಲ ಗಂಡುಮಗು ಹುಟ್ಟಿತು. ಐದನೇ ಜಾರ್ಜ್ ಚಕ್ರವರ್ತಿ ಹುಟ್ಟಿದ್ದೂ ಜೂನ್ 3ರಂದೇ. ರಾಜನ ಮೇಲಿನ ಅಭಿಮಾನಕ್ಕೆ ಆಕೆ ಮಗನಿಗೂ ಅದೇ ಹೆಸರಿಟ್ಟರು.

ಆದರೆ ಆ ಹೆಸರಿನ ಬೇರು ಇರುವುದು ಹೊಲದಲ್ಲಿ! ಹಳೇ ಗ್ರೀಕ್ ಭಾಷೆಯಲ್ಲಿ ‘ಗೇ’ ಎಂದರೆ ಭೂಮಿ, ‘ಎರ್ಗೊನ್’ ಎಂದರೆ ಕೆಲಸ. ಎರಡೂ ಸೇರಿ ‘ಗೆಯೋರ್ಗೋಸ್’, ಅಂದರೆ ಬೇಸಾಯಗಾರ. ಅದೇ ಮುಂದೆ ಜಾರ್ಜ್ ಆಯಿತು.

ಆ ಮಗುವೇ 1974ರ ರೈಲ್ವೆ ಮುಷ್ಕರದ ಮುಂದಾಳು ಜಾರ್ಜ್ ಫರ್ನಾಂಡಿಸ್. ರಾಜನಿಂದ ಪಡೆದ ಹೆಸರು ದುಡಿಯುವವರ ನಾಯಕನಿಗೇ ಒಪ್ಪಿತು.

ನಮ್ಮ ಮಲ್ಲತ್ತಹಳ್ಳಿಯ ಹೊಲಗಳೂ ಸೈಟುಗಳಾದವು. ರೈತ ತಾತನ ಹೆಸರು ಹಳೇದು ಅಂತ ಮಾತ್ರ ಮೂಗು ಮುರೀಬೇಡಿ. ಚಕ್ರವರ್ತಿಗೂ ಇದ್ದದ್ದು ರೈತನ ಹೆಸರೇ!