ಮೇಯೋ ತೆಗೆದ್ರೆ ಏನ್ ಉಳಿಯುತ್ತೆ?

ಬೇಕರಿ ಸೀರೀಸ್, ಭಾಗ 4. ಹೋದ್ ಸಲ ಎಗ್ ಪಫ್ಸ್ ಬಗ್ಗೆ ಬರೆದಿದ್ದಕ್ಕೆ ಅರ್ಧ ಕ್ಲಾಸ್ ಜಗಳಕ್ಕೆ ಬಂದಿತ್ತು. ಇವತ್ತು ಉಳಿದರ್ಧ ಬರಲಿ 😌

ಚಿಕನ್ ಸ್ಯಾಂಡ್‌ವಿಚ್ ತಿನ್ನೋರು ನಾಳೆ ಒಂದ್ ಕೆಲಸ ಮಾಡಿ. ಮೇಲಿನ ಬ್ರೆಡ್ ಎತ್ತಿ, ಮೇಯೋನ ಸ್ಪೂನಲ್ಲಿ ಪಕ್ಕಕ್ಕೆ ಸರಿಸಿ, ಕೋಳಿ ಎಷ್ಟಿದೆ ನೋಡಿ. ನಾನು ನೋಡಿದ್ದರಲ್ಲಿ ನಾಲ್ಕು ಎಳೆ ಇತ್ತು. ಎಲೆಕೋಸು ಮಾತ್ರ ಧಾರಾಳ.

ನಮ್ಮ ಸೋಂಪುರ, ದಾಬಸ್‌ಪೇಟೆ ಕಡೆ ಬೋರ್ಡ್ ಓದಿದ್ರೆ ಬಾಯಲ್ಲಿ ನೀರು ಬರುತ್ತೆ. ತಂದೂರಿ, ಪೆರಿ ಪೆರಿ, ಗ್ರಿಲ್, ಕ್ಲಬ್. ಒಳಗೆ ಹೋದ್ರೆ ತಂದೂರಿ ಅಂದ್ರೆ ಅದೇ ಮೇಯೋಗೆ ಕೆಂಪು ಬಣ್ಣ. ಪೆರಿ ಪೆರಿ ಅಂದ್ರೆ ಮೇಲೆ ಖಾರದ ಪುಡಿ. ಕ್ಲಬ್ ಅಂದ್ರೆ ಬ್ರೆಡ್ ಮೂರು, ಕೋಳಿ ಅಷ್ಟೇ! ಇದನ್ನ ವೆರೈಟಿ ಅನ್ನೋಕೆ ನಂಗೆ ಮನಸ್ಸು ಬರಲ್ಲ.

ಬಿಕಾಂ ಓದ್ತಿರೋದಕ್ಕೆ ಸ್ವಲ್ಪ ಕಾಸ್ಟಿಂಗ್ ಮಾಡೋಣ. ಬೋನ್‌ಲೆಸ್ ಕೆಜಿಗೆ 350 ಅಂತಾನೇ ಇಟ್ಕೊಳ್ಳಿ. ಒಂದು ಸ್ಯಾಂಡ್‌ವಿಚ್‌ಗೆ 30 ಗ್ರಾಂ ಹಾಕಿದ್ರೆ 10 ರೂಪಾಯಿ 50 ಪೈಸೆ. 60 ಗ್ರಾಂ ಹಾಕಿದ್ರೆ 21. ಅಂದ್ರೆ ಕೋಳಿ ಡಬಲ್ ಆಗೋಕೆ ಬೇಕಾಗಿರೋದು ಹತ್ತೂವರೆ ರೂಪಾಯಿ. 60 ಕೊಡೋರು 70 ಕೊಡಲ್ವಾ? ಕೊಡ್ತೀವಿ. ಶಿಫ್ಟ್ ಮುಗಿಸಿ ಫ್ಯಾಕ್ಟರಿಯಿಂದ ಬಂದು ಅದನ್ನೇ ರಾತ್ರಿ ಊಟ ಮಾಡ್ಕೊಳ್ಳೋರು ಖಂಡಿತ ಕೊಡ್ತಾರೆ. ಅವರಿಗೆ ಅದು ಟೈಂಪಾಸ್ ಅಲ್ಲ.

"ಇದು ಫಾರಿನ್ ತಿಂಡಿ, ಹಂಗೇ ಇರುತ್ತೆ ಬಿಡು" ಅಂತ ಫ್ರೆಂಡ್ ಒಬ್ಬ ಹೇಳ್ದ. ಒಪ್ಪಲ್ಲ. ಕೆಎಫ್‌ಸಿ ದೇಶದಲ್ಲೇ ಮೊದಲು ಬಂದಿದ್ದು 1995ರಲ್ಲಿ, ನಮ್ಮ ಬೆಂಗಳೂರಿನ ಬ್ರಿಗೇಡ್ ರಸ್ತೆಗೆ. ಮರುವರ್ಷ ಪ್ರೊ. ನಂಜುಂಡಸ್ವಾಮಿಯವರ ರೈತ ಸಂಘದವರು ಆ ಅಂಗಡಿಗೇ ನುಗ್ಗಿದ್ರು. ಆ ಹೋರಾಟದ ಬಗ್ಗೆ ನೀವು ಏನೇ ಅಂದ್ಕೊಳ್ಳಿ, ಅಲ್ಲಿನ ಜಿಂಗರ್ ಕಚ್ಚಿದ್ರೆ ಹಲ್ಲಿಗೆ ಕೋಳಿ ಸಿಗುತ್ತೆ. ಅಮೆರಿಕದಲ್ಲಿ ಅದನ್ನೇ ಚಿಕನ್ ಸ್ಯಾಂಡ್‌ವಿಚ್ ಅಂತಾರೆ, ನಾವು ಬರ್ಗರ್ ಅಂತೀವಿ. 2019ರಲ್ಲಿ ಪೊಪಾಯ್ಸ್ ಅಲ್ಲಿ ಇಂಥದ್ದೊಂದು ತಂದಾಗ ಎರಡೇ ವಾರದಲ್ಲಿ ಸ್ಟಾಕ್ ಖಾಲಿ. ಬನ್ನು, ಕೋಳಿ, ಉಪ್ಪಿನಕಾಯಿ, ಸಾಸು. ಅಷ್ಟಕ್ಕೇ ಜನ ಕ್ಯೂ ನಿಂತಿದ್ರು.

ಬ್ರೆಡ್ಡೂ ಫಾರಿನ್ನೇ ಅಲ್ವಾ? ಚಿಕ್ಕಪೇಟೆಯಲ್ಲಿ 1898ರಲ್ಲಿ ಬಿ.ಬಿ. ಬೇಕರಿ ಶುರುವಾದ ಮೇಲೆ ಅಯ್ಯಂಗಾರ್ ಬೇಕರಿಯವರು ಬ್ರಿಟಿಷರ ಬ್ರೆಡ್ ತಗೊಂಡು, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಹಾಕಿ ಖಾರಾ ಬನ್ ಮಾಡಿದ್ರು, ಮಸಾಲೆ ಟೋಸ್ಟ್ ಮಾಡಿದ್ರು. ಈಗ ಅದು ಯಾರಿಗಾದ್ರೂ ಇಂಗ್ಲಿಷ್ ತಿಂಡಿ ಅನ್ಸುತ್ತಾ? ಅವರು ಕೋಳಿ ಮುಟ್ಟಲ್ಲ, ಸರಿ. ಮುಟ್ಟೋರು ಈ ಕೆಲಸ ಯಾಕೆ ಮಾಡಿಲ್ಲ ಅನ್ನೋದೇ ನನ್ನ ಸಿಟ್ಟು. ಪಕ್ಕದಲ್ಲೇ ಮಿಲಿಟರಿ ಹೋಟೆಲ್ ಇದೆ, ಪೆಪ್ಪರ್ ಡ್ರೈ ಇದೆ, ಹಸಿರು ಮಸಾಲೆ ಕೋಳಿ ಇದೆ. ಅದ್ಯಾವ್ದೂ ಬ್ರೆಡ್ ಒಳಗೆ ಬರಲ್ಲ!

ಬೇಕರಿ ಅಣ್ಣನ್ನ ಕೇಳ್ದೆ. "ಮೇಯೋ ಇಲ್ದಿದ್ರೆ ಚಿಕನ್ ಉದುರುತ್ತೆ ಕಣಪ್ಪ, ಮಸಾಲೆ ಹಾಕಿದ್ರೆ ಬ್ರೆಡ್ ಒದ್ದೆ ಆಗುತ್ತೆ" ಅಂದ್ರು. ನ್ಯಾಯವಾದ ಮಾತೇ. ಆದ್ರೆ ಅದಕ್ಕೆ ಉಪಾಯ ನಮ್ಮ ಮನೆಗಳಲ್ಲೇ ಇದೆ. ಹೊಸತೊಡಕು ಮಾರನೇ ದಿನ ಉಳಿದ ಕೋಳಿ ಸಾರು ಏನ್ ಮಾಡ್ತಾರೆ? ತುಂಡಿನ ಮೂಳೆ ಬಿಡಿಸಿ, ಗಟ್ಟಿ ಮಸಾಲೆ ಸಮೇತ ಬಾಣಲೆಗೆ ಹಾಕಿ, ನೀರು ಇಂಗಿ ಎಣ್ಣೆ ಬಿಡೋ ತನಕ ಹುರೀತಾರೆ. ಅದು ಉದುರಲ್ಲ, ಸೋರೋದೂ ಇಲ್ಲ. ಬ್ರೆಡ್ ಒಳಗಡೆಗೆ ಬೆಣ್ಣೆ ಸವರಿ, ಇದನ್ನ ತುಂಬಿ, ಕಾವಲಿ ಮೇಲೆ ಒತ್ತಿ ಎರಡೂ ಕಡೆ ಕೆಂಪಗೆ ಮಾಡಿ. ಹಸಿ ಈರುಳ್ಳಿ, ನಿಂಬೆಹಣ್ಣು ಪಕ್ಕದಲ್ಲಿರಲಿ.

ಇದನ್ನ 70 ರೂಪಾಯಿಗೆ ಮಾರೋ ಬೇಕರಿ ನೆಲಮಂಗಲದಿಂದ ಶಿವಗಂಗೆ ತನಕ ಎಲ್ಲೇ ಇದ್ರೂ ಡಿಎಂ ಮಾಡಿ. ಬಸ್ ಚಾರ್ಜ್ ನಂದೇ.

#ಬೇಕರಿಸೀರೀಸ್ #ಸೋಂಪುರ #ಮೇಯೋಪಕ್ಕಕ್ಕೆಸರಿಸಿ